ನಾಲ್ಕು ಕುರ್ಚಿ, ಒಂದೂವರೆ ಮೀಟರ್ ರೆಕ್ಸಿನ್ ಮತ್ತು ಜೆ.ಸಿ. ರಸ್ತೆ

ಊಟಕ್ಕೆ ಅಮ್ಮ ಯಾವಾಗಲೂ ಪ್ಲಾಸ್ಟಿಕ್ ಸ್ಟೂಲ್ ಮೇಲೇ ಕೂರ್ತಾಳೆ ಅನ್ನೋದು ನನ್ನ ಗಮನಕ್ಕೆ ಬರೋಕೆ ನಾಲ್ಕು ತಿಂಗಳು ಬೇಕಾಯ್ತು. ಅದೂ ಬಟ್ಟೆ ಒಗೆಯುವಾಗ ಕೂರೋಕೆ ಅಂತ ತಂದಿಟ್ಟಿದ್ದ ಗಿಡ್ಡ ನೀಲಿ ಸ್ಟೂಲ್. ಟೇಬಲ್ ಸುತ್ತ ನಾಲ್ಕು ಕುರ್ಚಿಗಳಿದ್ದರೂ ಅಮ್ಮ ತಟ್ಟೆಯನ್ನ ತೊಡೆ ಮೇಲಿಟ್ಟುಕೊಂಡು ಅಡುಗೆಮನೆ ಬಾಗಿಲ ಹತ್ತಿರ ಕೂತು ಉಣ್ಣುತ್ತಿದ್ದಳು.

"ಕುರ್ಚಿ ಮೇಲೆ ಕೂತ್ಕೋ ಅಮ್ಮ."

"ಇದೇ ಅನುಕೂಲ ಕಣೇ. ಮೊಣಕಾಲಿಗೆ ಒಳ್ಳೇದು."

ಮೊಣಕಾಲು ನೋವಿಗೆ ಗಿಡ್ಡ ಸ್ಟೂಲ್ ಒಳ್ಳೇದು ಅಂತ ಯಾವ ಡಾಕ್ಟರೂ ಹೇಳಲ್ಲ. ಆವತ್ತು ರಾತ್ರಿ ಅಮ್ಮ ಮಲಗಿದ ಮೇಲೆ ಅವಳು ಕೂರಬೇಕಾಗಿದ್ದ ಕುರ್ಚಿ ಮೇಲೆ ನಾನೇ ಹೋಗಿ ಕೂತೆ. ಮಧ್ಯದಲ್ಲಿ ಗುಂಡಿ. ಎರಡು ನಿಮಿಷದಲ್ಲಿ ಮುಂದಿನ ಅಂಚಿನ ಪ್ಲೈವುಡ್ ತೊಡೆಗೆ ಒತ್ತೋಕೆ ಶುರು. ಏಳೋವಾಗ ನನಗೇ ಟೇಬಲ್ ಹಿಡಿಯಬೇಕಾಯ್ತು. ನನ್ನ ಕುರ್ಚಿ ಮೇಲೆ ಆಫೀಸ್ ಕಾಲ್‌ಗಾಗಿ ದಿಂಬು ಹಾಕಿಕೊಂಡಿದ್ದೆ, ಹಾಗಾಗಿ ಗೊತ್ತೇ ಆಗಿರಲಿಲ್ಲ. ಅಮ್ಮ ದಿಂಬು ಕೇಳಿರಲಿಲ್ಲ. ಬದಲಿಗೆ, "ದೀಪಾವಳಿಗೆ ಊರಿಗೆ ಹೋಗ್ತೀನಿ, ಆಮೇಲೆ ಅಲ್ಲೇ ಇರ್ತೀನಿ. ನಿನ್ನ ಮನೇಲಿ ನಂಗೇನ್ ಕೆಲ್ಸ ಇದೆ?" ಅಂದಿದ್ದಳು.

ನಿನ್ನ ಮನೆ. ಬಂದಾಗಿನಿಂದ ಅವಳು ಹೀಗೇ ಹೇಳೋದು. ನಿನ್ನ ಮನೆ ಗ್ಯಾಸ್, ನಿನ್ನ ಮನೆ ಬಾಲ್ಕನಿ.

ಕುರ್ಚಿಗಳು ಮಾತ್ರ ಅವಳವೇ. 1994ರಲ್ಲಿ ಭದ್ರಾವತಿಯ ಕ್ವಾರ್ಟರ್ಸಲ್ಲಿದ್ದಾಗ ಅಪ್ಪ ಬಡಗಿಯೊಬ್ಬರ ಹತ್ತಿರ ಕೂತು ಮಾಡಿಸಿದ ಸಾಗುವಾನಿ ಕುರ್ಚಿಗಳು, ನನಗಿಂತ ಒಂದು ವರ್ಷ ಚಿಕ್ಕವು. ಅಡುಗೆಮನೆ ಗೋಡೆಗೆ ಆನಿಸಿದ ಟೇಬಲ್, ಅದರ ಸುತ್ತ ಇವು. ನಾನು ಹೋಂವರ್ಕ್ ಮಾಡಿದ್ದು, ಅಮ್ಮ ಅವರೆಕಾಳು ಬಿಡಿಸಿದ್ದು, ಅಪ್ಪ ಪೇಪರ್ ಓದಿದ್ದು ಎಲ್ಲ ಇವುಗಳ ಮೇಲೇ. ಅಪ್ಪ ಹೋದ ಮೇಲೆ ಬೆಂಗಳೂರಿನಲ್ಲಿ ನಾನು ಮನೆ ಹಿಡಿದಾಗ, ಹೊಸದು ಯಾಕೆ ತಗೋತೀಯ ಅಂತ ಟೆಂಪೋದಲ್ಲಿ ಕಳಿಸಿಕೊಟ್ಟವಳು ಅಮ್ಮನೇ.

ಮೊದಲು ಫೋನಲ್ಲಿ ಹೊಸ ಕುರ್ಚಿ ನೋಡಿದೆ. ನಾಲ್ಕರ ಸೆಟ್ಟು, ಚೆನ್ನಾಗೇ ಇತ್ತು. ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕ್ಕೊಂಡು ನೋಡಿ, ಫೋನ್ ವಾಪಸ್ ಕೊಟ್ಟು, "ಮರಕ್ಕೇನಾಗಿದೆ? ಬರೀ ಸೀಟು ತಾನೇ ಹೋಗಿರೋದು" ಅಂದಳು.

ಸರಿ, ಸೀಟು ತಾನೇ.

ಬಿಚ್ಚಿದಾಗ ಕಂಡದ್ದು

ಶುಕ್ರವಾರ ರಾತ್ರಿ ಒಂದು ಕುರ್ಚಿಯನ್ನ ತಲೆಕೆಳಗು ಮಾಡಿದೆ. ನಿಮ್ಮ ಮನೆ ಕುರ್ಚಿಯನ್ನೂ ಒಮ್ಮೆ ಹೀಗೆ ಮಾಡಿ ನೋಡಿ. ಬಹಳಷ್ಟು ಡೈನಿಂಗ್ ಕುರ್ಚಿಗಳ ಸೀಟು ಬೇರೆ, ಚೌಕಟ್ಟು ಬೇರೆ. ಕೆಳಗಿನಿಂದ ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಇರ್ತವೆ. ಅಷ್ಟನ್ನ ಬಿಚ್ಚಿದರೆ ಸೀಟು ಹಲಗೆ ಸಮೇತ ಕೈಗೆ ಬರುತ್ತೆ. ನಮ್ಮದರಲ್ಲಿ ಎರಡು ಸ್ಕ್ರೂ ತುಕ್ಕು ಹಿಡಿದಿದ್ದವು. ಅಮ್ಮ ಹೊಲಿಗೆ ಮಷಿನ್ ಎಣ್ಣೆ ಎರಡು ಹನಿ ಬಿಟ್ಟು, "ಊಟ ಮಾಡ್ಕೊಂಡು ಬಾ" ಅಂದಳು. ಊಟ ಆಗೋವಷ್ಟರಲ್ಲಿ ಸ್ಕ್ರೂ ಅಲ್ಲಾಡಿತು.

ಅಡಿಯ ಬಟ್ಟೆ ತೆಗೆದು, ಚಪ್ಪಟೆ ಸ್ಕ್ರೂಡ್ರೈವರಿನಿಂದ ಪಿನ್ನು, ಮೊಳೆಗಳನ್ನ ಎಬ್ಬಿಸಿ ಇಕ್ಕಳದಿಂದ ಎಳೆದೆವು. ಕಂದು ಬಟ್ಟೆಯ ಕೆಳಗೆ ಹಸಿರು ರೆಕ್ಸಿನ್ ಬಂತು. ಹಸಿರು ರೆಕ್ಸಿನ್ ಕೆಳಗೆ ಕೆಂಪು ರೆಕ್ಸಿನ್. ಅದರ ಕೆಳಗೆ ಮುಟ್ಟಿದರೆ ಪುಡಿಯಾಗೋ ಸ್ಪಂಜು, ಆಮೇಲೆ ತೆಂಗಿನ ನಾರು.

"ಕೆಂಪು ಮೊದಲಿನದು," ಅಂದಳು ಅಮ್ಮ. "ಹಸಿರು ನೀನು ಎಸ್ಸೆಸ್ಸೆಲ್ಸಿ ಬರೆದ ವರ್ಷದ್ದು. ಓದ್ತಾ ಓದ್ತಾ ಪೆನ್ನಲ್ಲಿ ಕೆಂಪದನ್ನ ತೂತು ಮಾಡಿದ್ದೆ ನೀನು. ಅಪ್ಪ ಒಂದು ಭಾನುವಾರ ಕೂತು ಹಾಕಿದ್ರು."

ಹಳೇದರ ಮೇಲೇ ಹೊಸದು ಹಾಕಿದ್ದು ಅಪ್ಪನ ಸೋಮಾರಿತನ. ಹಾಗೆ ಮಾಡಬಾರದು. ಒಳಗಿನ ಸ್ಪಂಜು ಪುಡಿಯಾಗಿದ್ದರೆ ಮೇಲೆ ಎಷ್ಟು ಪದರ ಹಾಕಿದರೂ ಗುಂಡಿ ಹೋಗಲ್ಲ, ಧೂಳಿನ ವಾಸನೆ ಬೇರೆ. ಪೂರ್ತಿ ಹಲಗೆವರೆಗೆ ಬಿಚ್ಚಬೇಕು. ಬಿಚ್ಚೋವಾಗ ಮಾಸ್ಕ್ ಹಾಕ್ಕೊಳ್ಳಿ. ನಾನು ಹಾಕ್ಕೊಳ್ಳದೆ ಅರ್ಧ ರಾತ್ರಿ ಸೀನಿದೆ. ಹಳೇ ಬಟ್ಟೆಯನ್ನ ಎಸೆಯಬೇಡಿ, ಹೊಸದನ್ನ ಕತ್ತರಿಸೋಕೆ ಅದೇ ಅಳತೆ. ನಾಲ್ಕೂ ಸೀಟು ಬಿಚ್ಚಿ, ಹಲಗೆಗಳನ್ನ ಒಂದರ ಮೇಲೊಂದು ಜೋಡಿಸಿಟ್ಟು ಮಲಗಿದೆ. ಅಲ್ಲೊಂದು ತಪ್ಪು ಮಾಡಿದ್ದೆ, ಅದು ಭಾನುವಾರ ಗೊತ್ತಾಯ್ತು.

ಪೇಟೆ ದಾರಿ

ಶನಿವಾರ ಬೆಳಗ್ಗೆ ಯಲಚೇನಹಳ್ಳಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದೆ. ಭಾನುವಾರ ಜೆ.ಸಿ. ರಸ್ತೆಯ ಬಹುತೇಕ ಅಂಗಡಿಗಳಿಗೆ ರಜೆ, ಅದಕ್ಕೇ ಶನಿವಾರ. ಅಮ್ಮನನ್ನ ಕರೆದೆ, ಬರಲ್ಲ ಅಂದಳು. ಮೆಟ್ಟಿಲಿನ ಭಯ. ಆದರೆ ಚೀಟಿ ಬರೆದುಕೊಟ್ಟಳು: ರೆಕ್ಸಿನ್, ಸ್ಪಂಜು, ಪಿನ್ನು, ಕರೀ ಬಟ್ಟೆ. ಕೊನೆಗೆ, "ಬಣ್ಣ ನಿನ್ನಿಷ್ಟ" ಅಂತ ಬರೆದು ಅದರ ಕೆಳಗೇ "ಬಿಳಿ ಬೇಡ" ಅಂತಿತ್ತು.

ನ್ಯಾಷನಲ್ ಕಾಲೇಜು ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತೆ. ಮುಂದಿನದೇ ಕೆ.ಆರ್. ಮಾರುಕಟ್ಟೆ. ಮೇಲೆ ಹತ್ತಿ ಬಂದರೆ ಹೂವಿನ ವಾಸನೆ, ಬಸ್ಸಿನ ಹೊಗೆ, ಪಕ್ಕದಲ್ಲೇ ಕೋಟೆ. ಕೆಂಪೇಗೌಡರು 1537ರಲ್ಲಿ ಮಣ್ಣಿನಲ್ಲಿ ಕಟ್ಟಿಸಿದ ಕೋಟೆಯನ್ನ ಹೈದರಾಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರೋದು ಒಂದು ತುಂಡು. ಅಲ್ಲಿಂದ ಆ ಕಡೆಗೆಲ್ಲ ಪೇಟೆ. ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಹತ್ತಿ ವ್ಯಾಪಾರದ ಅರಳೇಪೇಟೆ. ಹೆಸರು ಕೇಳಿದರೇ ಅಲ್ಲಿ ಯಾರು ಏನು ಮಾಡ್ತಿದ್ದರು ಅಂತ ಗೊತ್ತಾಗುತ್ತೆ. ಒಂದು ಸಾಮಾನಿಗೆ ಒಂದು ಬೀದಿ ಅನ್ನೋ ಅಭ್ಯಾಸ ಈ ಊರಿಗೆ ಆಗಿನಿಂದಲೂ ಇದೆ. ಜೆ.ಸಿ. ರಸ್ತೆಗೆ ಮಹಾರಾಜರ ಹೆಸರಿದೆ, ಜಯಚಾಮರಾಜೇಂದ್ರ ಒಡೆಯರದ್ದು. ಕೆಲಸದ ಹೆಸರಿಟ್ಟಿದ್ದರೆ ಅದು ಸೀಟ್‌ಕವರ್ ಪೇಟೆ ಆಗಬೇಕಿತ್ತು.

1935ರಲ್ಲಿ ಕಟ್ಟಿದ ಪುಟ್ಟಣ್ಣ ಚೆಟ್ಟಿ ಪುರಭವನದ ದೊಡ್ಡ ಕಂಬಗಳನ್ನ ದಾಟಿ, ಟಾಗೋರರ ಶತಮಾನೋತ್ಸವದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರದ ಮುಂದೆ ನಡೆದೆ. ಇಲ್ಲಿಗೆ ನಾಟಕ ನೋಡೋಕೆ ಎಷ್ಟೋ ಸಲ ಬಂದಿದ್ದೀನಿ. ಬರ್ತಿದ್ದದ್ದು ಸಂಜೆ ಏಳಕ್ಕೆ, ಆಟೋದಲ್ಲಿ. ಇದೇ ರಸ್ತೆಯಲ್ಲಿ ಹಗಲು ಏನು ನಡೆಯುತ್ತೆ ಅಂತ ನೋಡಿರಲೇ ಇಲ್ಲ. ಕಾರು ಬಿಡಿಭಾಗ, ಹಾರ್ನು, ಸ್ಟೀರಿಂಗ್ ಕವರು. ಫುಟ್‌ಪಾತ್ ಪಕ್ಕದಲ್ಲೇ ಬಾಗಿಲು ತೆರೆದು ನಿಂತ ಕಾರು, ಒಳಗೆ ಮಂಡಿಯೂರಿ ಸೀಟಿಗೆ ಕವರ್ ಎಳೀತಿರೋ ಹುಡುಗ. ಕನ್ನಡ, ಉರ್ದು, ತಮಿಳು, ಹಿಂದಿ ಎಲ್ಲ ಒಂದೇ ವಾಕ್ಯದಲ್ಲಿ. ರೋಲು ರೋಲು ರೆಕ್ಸಿನ್ ನಿಲ್ಲಿಸಿದ ಅಂಗಡಿಗಳು, ಬಾಗಿಲ ತನಕ ತುಂಬಿದ ಫೋಮ್ ಶೀಟುಗಳು, ನಡುವೆ ಸಣ್ಣ ಸಣ್ಣ ಕುಷನ್ ವರ್ಕ್ಸ್.

"ಮೆತ್ತಗಿರೋದೆಲ್ಲ ಒಳ್ಳೇದಲ್ಲ"

ಮೊದಲ ಅಂಗಡಿಯಲ್ಲಿ ನಾಲ್ಕು ಸೀಟಿಗೆ ಅಂದ ತಕ್ಷಣ ಮುಖ ತಿರುಗಿಸಿದರು. ಎರಡನೇದರಲ್ಲಿ ವಯಸ್ಸಾದ ಒಬ್ಬ ಭಾಯ್ ಹೊಲಿಗೆ ಮಷಿನ್ ನಿಲ್ಲಿಸಿ, "ಯಾರಿಗೆ ಮೇಡಂ?" ಅಂತ ಕೇಳಿದರು. ಯಾವುದಕ್ಕೆ ಅಂತಲ್ಲ, ಯಾರಿಗೆ ಅಂತ.

"ಅಡುಗೆಮನೆ ಕುರ್ಚಿ. ಅಮ್ಮ ಕೂರ್ತಾರೆ. ಮೊಣಕಾಲು ನೋವು."

ನಾನು ಆರಿಸಿದ್ದ ಮೆತ್ತನೆ ಫೋಮನ್ನ ಅವರು ಹೆಬ್ಬೆರಳಲ್ಲಿ ಒತ್ತಿ ತೋರಿಸಿದರು. ಬೆರಳು ಸೀದಾ ಟೇಬಲ್ ಮುಟ್ಟಿತು. "ಮೆತ್ತಗಿರೋದೆಲ್ಲ ಒಳ್ಳೇದಲ್ಲ. ಇವತ್ತು ಮಜಾ, ಆರು ತಿಂಗಳಿಗೆ ಗುಂಡಿ. ಅಮ್ಮನೋರಿಗೆ ಗಟ್ಟಿ ಬೇಕು, ಸ್ವಲ್ಪ ಎತ್ತರ ಬೇಕು. ಏಳೋಕೆ ಸುಲಭ ಆಗಬೇಕು."

ಫೋಮ್ ಕೊಳ್ಳೋವಾಗ 32 ಡೆನ್ಸಿಟಿ, 40 ಡೆನ್ಸಿಟಿ ಅಂತಾರೆ. ಒಂದು ಘನ ಮೀಟರ್ ಫೋಮ್ ಅಷ್ಟು ಕಿಲೋ ತೂಗುತ್ತೆ ಅಂತ ಅದರರ್ಥ. ಹೆಚ್ಚು ತೂಕ ಇದ್ದಷ್ಟೂ ಸಾಮಾನ್ಯವಾಗಿ ಬಾಳಿಕೆ ಜಾಸ್ತಿ. ದಿನಾ ಕೂರೋ ಸೀಟಿಗೆ 40 ಒಳ್ಳೇದು ಅಂದರು ಭಾಯ್. ಮೂರು ಕುರ್ಚಿಗೆ 40 ಡೆನ್ಸಿಟಿಯ ಎರಡಿಂಚು ಫೋಮ್. ಅಮ್ಮನ ಕುರ್ಚಿಗೆ ಅದರ ಕೆಳಗೆ ಒಂದಿಂಚು ರೀಬಾಂಡ್. ಫೋಮ್ ಚೂರುಗಳನ್ನ ಒತ್ತಿ ಅಂಟಿಸಿ ಮಾಡಿರೋ, ಬಣ್ಣ ಬಣ್ಣದ ಗಟ್ಟಿ ಹಾಳೆ ಅದು.

ಬಟ್ಟೆನಾ, ರೆಕ್ಸಿನ್ನಾ? ಬಟ್ಟೆ ತಂಪು, ಬೇಸಿಗೆಯಲ್ಲಿ ಬೆವರಲ್ಲ. ಆದರೆ ಅಡುಗೆಮನೆಯಲ್ಲಿ ಸಾರು ಚೆಲ್ಲುತ್ತೆ, ಎಣ್ಣೆ ಕೈ ತಾಗುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು ಅನ್ನೋ ಕಾರಣಕ್ಕೆ ರೆಕ್ಸಿನ್ ಅಂದೆ. ಭಾಯ್ ಒಂದು ತುಂಡನ್ನ ಮಡಚಿ, ಉಗುರಲ್ಲಿ ಗೀರಿ, ಹಿಂಬದಿ ತೋರಿಸಿದರು. ಹಿಂದೆ ನೇಯ್ದ ಬಟ್ಟೆಯ ಆಸರೆ ಇರೋದು ಎಳೆದರೆ ಹರಿಯಲ್ಲ, ಮಡಚಿದ ಕಡೆ ಬಿರುಕು ಬಿಡದಿದ್ದರೆ ಒಳ್ಳೇ ಮಾಲು.

ಲೆಕ್ಕ ಹೀಗೆ. ನಮ್ಮ ಸೀಟು 16 ಇಂಚಿನ ಚೌಕ. ಫೋಮಿನ ದಪ್ಪಕ್ಕೆ ಎರಡೂ ಬದಿ ಎರಡೆರಡು ಇಂಚು, ಕೆಳಗೆ ಮಡಚಿ ಪಿನ್ ಹೊಡೆಯೋಕೆ ಇನ್ನೆರಡೆರಡು. ಅಲ್ಲಿಗೆ 24 ಇಂಚು. ಅಮ್ಮನದಕ್ಕೆ ಮಾತ್ರ 26. ರೆಕ್ಸಿನ್ ಅಗಲ 54 ಇಂಚು, ಹಾಗಾಗಿ ಅಡ್ಡಕ್ಕೆ ಎರಡು ಸೀಟು. ಉದ್ದಕ್ಕೆ 50 ಇಂಚು ಸಾಕು, ಅಂದರೆ ಒಂದೂಕಾಲು ಮೀಟರಿಗಿಂತ ಚೂರು ಜಾಸ್ತಿ. ಒಂದೂವರೆ ಮೀಟರ್ ತಗೊಂಡೆ. ಬಣ್ಣ ಕಡು ಹಸಿರು. ಯಾಕೆ ಅಂತ ಅಮ್ಮನಿಗೆ ಹೇಳಬೇಕಾಗಲಿಲ್ಲ.

"ಯಾರು ಹಾಕ್ತಾರೆ?"

"ನಾನೇ."

ಭಾಯ್ ನಕ್ಕರು. ಸುಮ್ಮನೆ ಕಳಿಸಲಿಲ್ಲ. ಫೋಮಿನ ತುಂಡುಗಳನ್ನ ಹಲಗೆಗಿಂತ ಕಾಲಿಂಚು ದೊಡ್ಡದಾಗಿ ಅವರೇ ಕತ್ತರಿಸಿಕೊಟ್ಟರು. ಕವರ್ ಎಳೆದಾಗ ಅಂಚು ತುಂಬಿಕೊಂಡು ಕಾಣೋಕೆ ಅಷ್ಟು ಬೇಕಂತೆ. "8 ಎಂಎಂ ಪಿನ್ ಹಾಕಿ. ಅದಕ್ಕಿಂತ ಉದ್ದ ಹಾಕಿದರೆ ತೆಳು ಹಲಗೆ ದಾಟಿ ಮೇಲೆ ಬರುತ್ತೆ, ಅಮ್ಮನೋರಿಗೆ ಚುಚ್ಚುತ್ತೆ. ಸ್ಕ್ರೂ ತೂತು ಮುಚ್ಚಬೇಡಿ," ಅಂದರು.

ರೆಕ್ಸಿನ್ 420, ಫೋಮ್ 800, ಸ್ಟೇಪಲ್ ಗನ್ 450, ಪಿನ್ನು 60, ಫೋಮ್ ಮೇಲೆ ಹಾಕೋ ಹತ್ತಿಯಂಥ ಪಾಲಿಯೆಸ್ಟರ್ ಹಾಳೆ 120, ಅಡಿಗೆ ಕರೀ ಬಟ್ಟೆ 60. ಒಟ್ಟು 1,910 ರೂಪಾಯಿ. ಫೋಮ್ ಕಟ್ಟನ್ನ ತಬ್ಬಿಕೊಂಡು ಮಿನರ್ವ ವೃತ್ತದ ತನಕ ನಡೆದು, ಅಲ್ಲಿಂದ ಲಾಲ್‌ಬಾಗ್ ರಸ್ತೆಗೆ ಹೋದೆ. 1924ರಿಂದ ನಡೀತಿರೋ ಎಂಟಿಆರ್ ಮುಂದೆ ಎಂದಿನಂತೆ ಜನ. ರವೆ ಇಡ್ಲಿ ಮೊದಲು ಮಾಡಿದ್ದೇ ತಾವು ಅನ್ನೋದು ಅವರ ಹೆಮ್ಮೆ. ಅಮ್ಮನಿಗೆ ಎರಡು ಕಟ್ಟಿಸಿಕೊಂಡು ಆಟೋ ಹತ್ತಿದೆ. ಫೋಮ್ ನನ್ನ ಮುಖ ಮುಚ್ಚಿತ್ತು.

ಭಾನುವಾರ

ಬೆಳಗ್ಗೆ ಹತ್ತಕ್ಕೆ ಹಾಲಿನಲ್ಲಿ ಹಳೇ ಬೆಡ್‌ಶೀಟ್ ಹಾಸಿದೆ. ಹಲಗೆಗಳ ಅಂಚಿಗೆ ಉಪ್ಪುಕಾಗದ ತಿಕ್ಕಿದೆ. ಪ್ಲೈವುಡ್ ಬಾಗಿದ್ದರೆ, ಪದರ ಬಿಟ್ಟಿದ್ದರೆ ಹೊಸದೇ ಕತ್ತರಿಸಬೇಕು. ನಮ್ಮವು ಗಟ್ಟಿಯಾಗಿದ್ದವು. ಫೋಮನ್ನ ಹಲಗೆಗೆ ಸ್ವಲ್ಪ ಅಂಟಿನಲ್ಲಿ ಕೂರಿಸಿ, ಮೇಲೆ ಪಾಲಿಯೆಸ್ಟರ್ ಹಾಳೆ ಹೊದಿಸಿ, ರೆಕ್ಸಿನ್ನನ್ನ ಬೋರಲು ಹಾಸಿ ಅದರ ಮೇಲೆ ಸೀಟನ್ನ ಬೋರಲು ಇಟ್ಟೆ. ಒಂದು ಮೂಲೆಯಿಂದ ಶುರುಮಾಡಿ ಪಿನ್ ಹೊಡೀತಾ ಸುತ್ತ ಬಂದೆ.

ಕೊನೆ ಮೂಲೆಗೆ ಬಂದಾಗ ರೆಕ್ಸಿನ್ ಸುಕ್ಕುಸುಕ್ಕಾಗಿ ಗಂಟು ಕಟ್ಟಿತ್ತು. ತಿರುಗಿಸಿ ನೋಡಿದರೆ ಸೀಟು ಒಂದು ಕಡೆಗೆ ವಾಲಿದ ಹಾಗಿತ್ತು. ನಲವತ್ತಕ್ಕೂ ಹೆಚ್ಚು ಪಿನ್ನುಗಳನ್ನ ಮತ್ತೆ ಕಿತ್ತೆ.

ಅಲ್ಲಿಯವರೆಗೆ ಅಮ್ಮ ಬಾಗಿಲ ಹತ್ತಿರ ನೀಲಿ ಸ್ಟೂಲ್ ಮೇಲೆ ಕೂತು ಸುಮ್ಮನೆ ನೋಡ್ತಿದ್ದಳು. ಈಗ ಸ್ಟೂಲನ್ನ ಹತ್ತಿರ ಎಳೆದುಕೊಂಡಳು.

"ಕಸೂತಿ ರಿಂಗಿಗೆ ಬಟ್ಟೆ ಹಾಕೋದು ಹೇಗೆ? ಸುತ್ತ ಎಳೀತಾ ಬರ್ತೀವಾ? ಎದುರುಬದುರು ಎಳೀಬೇಕು."

ಮುಂಭಾಗದ ಮಧ್ಯಕ್ಕೆ ಒಂದು ಪಿನ್. ಅವಳು ಹಿಂಭಾಗದಿಂದ ಎಳೆದು ಹಿಡಿದಳು, ಅಲ್ಲೊಂದು. ಎಡ ಮಧ್ಯಕ್ಕೆ, ಬಲ ಮಧ್ಯಕ್ಕೆ. ಆಮೇಲೆ ಮಧ್ಯದಿಂದ ಮೂಲೆ ಕಡೆಗೆ, ಒಂದು ಬದಿ ಎರಡು ಹೊಡೆದರೆ ಎದುರು ಬದಿ ಎರಡು. ಮೂಲೆಗಳನ್ನ ಕೊನೆಗೆ ಬಿಟ್ಟುಕೊಂಡೆವು. ಅದನ್ನೂ ಅಮ್ಮನೇ ಮಡಚಿದ್ದು. ಮೊದಲು ಮೂಲೆಯ ತುದಿಯನ್ನ ಸೀದಾ ಒಳಕ್ಕೆ ಎಳೆದು ಒಂದು ಪಿನ್, ಆಮೇಲೆ ಎರಡು ಕಡೆಯಿಂದ ಎರಡು ನೆರಿಗೆ. "ನಿನ್ನ ನೋಟ್‌ಬುಕ್ಕಿಗೆ ಬೈಂಡ್ ಹಾಕ್ತಿದ್ನಲ್ಲ, ಹಾಗೇ," ಅಂದಳು. ರೆಕ್ಸಿನ್ ಬಿರುಸಾಗಿ ಮಡಚದೆ ಇದ್ದ ಕಡೆ ಹೇರ್ ಡ್ರೈಯರ್‌ನಲ್ಲಿ ಸ್ವಲ್ಪ ಬಿಸಿ ಮಾಡಿದೆವು. ದೂರದಿಂದ, ಒಂದರ್ಧ ನಿಮಿಷ. ಮೆತ್ತಗಾಗಿ ಮಾತು ಕೇಳಿತು.

ಸೀಟು ಚೆನ್ನಾಗಿ ಬಂತು. ಕುರ್ಚಿ ಮೇಲೆ ಇಟ್ಟರೆ ಸ್ಕ್ರೂ ತೂತು ಒಂದಕ್ಕೊಂದು ಸೇರಲ್ಲ! ಪಕ್ಕದ ಕುರ್ಚಿಗೆ ಇಟ್ಟೆ, ಅದಕ್ಕೂ ಇಲ್ಲ. ನಾಲ್ಕೂ ಹಲಗೆಗಳನ್ನ ಕಲೆಸಿಟ್ಟಿದ್ದೆ. ಕೈಯಲ್ಲಿ ಮಾಡಿದ ಕುರ್ಚಿಗಳು, ನೋಡೋಕೆ ಒಂದೇ ಥರ, ಅಳತೆಯಲ್ಲಿ ಕೂದಲೆಳೆ ವ್ಯತ್ಯಾಸ.

"ಅಪ್ಪ ನಂಬರ್ ಹಾಕಿರ್ತಾರೆ ನೋಡು," ಅಂದಳು ಅಮ್ಮ.

ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದೆ. ಹಲಗೆಯ ಅಡಿಯಲ್ಲಿ, ಮೂವತ್ತು ವರ್ಷದ ಧೂಳಿನ ಕೆಳಗೆ, ಪೆನ್ಸಿಲ್ಲಿನಲ್ಲಿ 2. ಪಕ್ಕದಲ್ಲಿ ಮುಂದಿನ ಕಡೆಗೆ ಬಾಣದ ಗುರುತು. ಚೌಕಟ್ಟಿನ ಒಳಬದಿಯಲ್ಲಿ ಬೆರಳಾಡಿಸಿದರೆ ಚಾಕುವಿನಿಂದ ಗೀರಿದ ಎರಡು ಗೆರೆ. ಒಂದು, ಎರಡು, ಮೂರು, ನಾಲ್ಕು, ಎಲ್ಲವೂ ಇದ್ದವು. ಮೂರನೇ ಹಲಗೆ ಮೇಲೆ ನಂಬರಿನ ಜೊತೆ ಇನ್ನೊಂದು ಸಾಲು, ಅಪ್ಪನ ಓರೆ ಅಕ್ಷರದಲ್ಲಿ: ಎಡ ಹಿಂಗಾಲು ಗಿಡ್ಡ.

ಅದು ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರೋ ಕುರ್ಚಿ. ಎರಡು ವರ್ಷದಿಂದ ಅದರ ಎಡ ಹಿಂಗಾಲಿನ ಕೆಳಗೆ ಡೆಲಿವರಿ ಡಬ್ಬದ ರಟ್ಟು ಮಡಚಿಡ್ತಾ ಇದ್ದೆ. ಈ ಫ್ಲ್ಯಾಟಿನ ನೆಲ ಸರಿಯಿಲ್ಲ ಅಂತ ಓನರನ್ನ ಬೈಕೊಂಡಿದ್ದೆ.

ಅಮ್ಮ ಹಲಗೆಯನ್ನ ತಗೊಂಡು ಕಿಟಕಿ ಹತ್ತಿರ ಹಿಡಿದು ಓದಿದಳು. ಆಮೇಲೆ, "ಗೊತ್ತಿತ್ತು ಅವರಿಗೆ, ಸರಿ ಮಾಡ್ಲಿಲ್ಲ ನೋಡು," ಅಂತ ನಕ್ಕಳು. ಸೆರಗಲ್ಲಿ ಕನ್ನಡಕ ಒರೆಸಿಕೊಂಡಳು. ನಾನು ಪಿನ್ನು ತುಂಬಿಸೋಕೆ ಒಳಗೆ ಹೋದೆ. ಪಿನ್ನು ಖಾಲಿಯಾಗಿರಲಿಲ್ಲ.

ನೀವು ಬಿಚ್ಚೋವಾಗ ಮೊದಲು ನಂಬರ್ ಹಾಕಿ. ಸೀಟಿಗೂ, ಕುರ್ಚಿಗೂ. ಮುಂದೆ ಯಾವುದು ಅಂತ ಬಾಣ ಹಾಕಿ. ಹಳೇ ಸ್ಕ್ರೂಗಳನ್ನೇ ಹಾಕಿ, ಇಲ್ಲವೇ ಅಷ್ಟೇ ಉದ್ದದ ಹೊಸದು. ಉದ್ದ ಜಾಸ್ತಿಯಾದರೆ ಹಲಗೆ ದಾಟಿ ಫೋಮಿಗೆ ನುಗ್ಗುತ್ತೆ. ಕೊನೆಗೆ ಅಡಿಯಲ್ಲಿ ಕರೀ ಬಟ್ಟೆ ಹೊಡೆದರೆ ಪಿನ್ನುಗಳ ಸಾಲು ಮುಚ್ಚಿಹೋಗುತ್ತೆ. ನಾವು ಆ ಬಟ್ಟೆಯನ್ನ ಮೂರನೇ ಕುರ್ಚಿಗೆ ಮಾತ್ರ ಹೊಡೆಯಲಿಲ್ಲ.

ಸಂಜೆ ಆರರ ಹೊತ್ತಿಗೆ ಮೂರು ಸೀಟು ಮುಗಿದವು. ಬೆರಳು ಮಡಚೋಕೆ ಆಗ್ತಿರಲಿಲ್ಲ. ನಾಲ್ಕನೇದು ಅಮ್ಮನದು, ಮೂರಿಂಚಿನದು. ಅದನ್ನ ನಾಳೆ ಮಾಡೋಣ ಅಂದೆ. "ನಾಳೆ ನೀನು ಆಫೀಸಿಗೆ ಹೋಗ್ತೀಯ, ಈಗ್ಲೇ ಮಾಡು," ಅಂದಳು. ನಾಲ್ಕು ತಿಂಗಳಲ್ಲಿ ಅವಳು ತನಗಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಮ್ಮ ಎಳೆದು ಹಿಡಿದಳು, ನಾನು ಹೊಡೆದೆ. ಒಂದು ಮೂಲೆ ಇವತ್ತಿಗೂ ಸ್ವಲ್ಪ ದಪ್ಪಗಿದೆ, ಗೋಡೆ ಕಡೆಗೆ ತಿರುಗಿಸಿಟ್ಟಿದ್ದೀವಿ.

ರಾತ್ರಿ ಅಮ್ಮ ಟೇಬಲ್ ಮುಂದೆ ಕೂತು ಅನ್ನ ಸಾರು ಉಂಡಳು. ಏಳೋವಾಗ ಟೇಬಲ್ ಅಂಚಿಗೆ ಒಂದು ಕೈ ಇಟ್ಟಳು, ಎರಡಲ್ಲ.

ದೀಪಾವಳಿಗೆ ಅವಳು ಭದ್ರಾವತಿಗೆ ಹೋಗಿದ್ದು ನಿಜ. ಟಿಕೆಟ್ ಮಾಡೋವಾಗ ವಾಪಸ್ ಟಿಕೆಟ್ ಮಾಡಲಾ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಒಳಗಿಂದ ಅವಳು ಫೋನಲ್ಲಿ ಚಿಕ್ಕಮ್ಮನ ಹತ್ತಿರ ಮಾತಾಡೋದು ಕೇಳಿಸ್ತು: "ಹೂಂ ಕಣೇ, ನಮ್ಮನೆ ಕುರ್ಚಿಗೆ ನಾವೇ ಸೀಟ್ ಹಾಕಿದ್ವಿ. ನಿಂದೂ ಹೋಗಿದ್ರೆ ಹೇಳು, ಬಂದಾಗ ಮಾಡಿಕೊಡ್ತೀನಿ. ಹದಿನೈದು ದಿನ ಅಷ್ಟೇ ಇರೋದು ಮತ್ತೆ."

ಎರಡೂ ಕಡೆಯ ಟಿಕೆಟ್ ಮಾಡಿದೆ. ಸ್ಟೇಪಲ್ ಗನ್ನನ್ನ ಅವಳ ಬ್ಯಾಗಲ್ಲಿಟ್ಟೆ.